ಶ್ವಾಸಕೋಶದ ಕ್ಯಾನ್ಸರ್: ಸಸ್ಯಜನ್ಯ ಸಂಯುಕ್ತ ಮತ್ತು ಗುರಿನಿರ್ದೇಶಿತ ಔಷಧಗಳ ಸಂಯೋಜಿತ ಚಿಕಿತ್ಸೆ

ಸಸ್ಯದಿಂದ ಪಡೆದ, ಅಥವಾ ಸಸ್ಯದ ಅಣುವನ್ನು ಮಾದರಿಯಾಗಿಟ್ಟುಕೊಂಡು ತಯಾರಿಸಿದ ಸಂಯುಕ್ತವೊಂದನ್ನು, ಕ್ಯಾನ್ಸರ್ ಜೀವಕೋಶದ ಬೆಳವಣಿಗೆಗೆ ಕಾರಣವಾದ ನಿರ್ದಿಷ್ಟ ಪ್ರೋಟೀನನ್ನು ತಡೆಯುವ ಔಷಧದ ಜೊತೆಗೂಡಿಸಿ ಶ್ವಾಸಕೋಶದ ಕ್ಯಾನ್ಸರಿಗೆ ನೀಡುವ ವಿಧಾನವನ್ನು ಸಸ್ಯಜನ್ಯ ಮತ್ತು ಗುರಿನಿರ್ದೇಶಿತ ಔಷಧಗಳ ಸಂಯೋಜಿತ ಚಿಕಿತ್ಸೆ ಎನ್ನುತ್ತಾರೆ. ಈ ಹೆಸರಿನಡಿ ಎರಡು ಬೇರೆಬೇರೆ ಸಂಗತಿಗಳಿವೆ. ಟ್ಯಾಕ್ಸೇನ್‌ಗಳೆನಿಸಿದ ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಡೋಸಿಟ್ಯಾಕ್ಸೆಲ್, ಕ್ಯಾಂಪ್ಟೊಥೆಸಿನ್ ವರ್ಗದಂಥ ಸಸ್ಯಮೂಲದ ಔಷಧಗಳು ಗುರಿನಿರ್ದೇಶಿತ ಔಷಧಗಳೊಂದಿಗೆ ಸಾವಿರಾರು ರೋಗಿಗಳಲ್ಲಿ ಪರೀಕ್ಷೆಗೊಳಗಾಗಿ, ಕೆಲವು ಜೋಡಿಗಳು ಆಸ್ಪತ್ರೆಯ ನಿತ್ಯ ಬಳಕೆಗೆ ಬಂದಿವೆ. ಅರಿಸಿನದ ಕರ್ಕ್ಯುಮಿನ್, ಹಸಿರು ಚಹಾದ ಪಾಲಿಫಿನಾಲ್, ಬರ್ಬೆರಿನ್ ಮುಂತಾದವು ಬಹುಮಟ್ಟಿಗೆ ಪ್ರಯೋಗಾಲಯದಲ್ಲೇ ಉಳಿದಿವೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೇ ಈ ವಿಷಯದ ಸುತ್ತ ಹಬ್ಬಿರುವ ಗೊಂದಲಕ್ಕೆ ಮುಖ್ಯ ಕಾರಣ.

ಪರಿಭಾಷೆ

ಸಸ್ಯದಿಂದ ನೇರವಾಗಿ ಬೇರ್ಪಡಿಸಿದ ಶುದ್ಧ ಅಣುವನ್ನು ಈ ಲೇಖನದಲ್ಲಿ ಸಸ್ಯಜನ್ಯ ಸಂಯುಕ್ತ ಎಂದು ಕರೆಯಲಾಗಿದೆ. ಸಸ್ಯದ ಅಣುವಿನಿಂದ ಆರಂಭಿಸಿ ಕಾರ್ಖಾನೆಯಲ್ಲಿ ಮಾರ್ಪಡಿಸಿದ್ದು ಅರೆಸಂಶ್ಲೇಷಿತ. ಸಸ್ಯದ ಅಣುವಿನ ಚೌಕಟ್ಟನ್ನಷ್ಟೇ ಅನುಸರಿಸಿ ರಾಸಾಯನಿಕವಾಗಿ ಕಟ್ಟಿದ್ದು ಸಸ್ಯಮೂಲ ರಚನೆಯ ಔಷಧ. ಕಷಾಯ, ಚೂರ್ಣ, ಸಾರಗಳಲ್ಲಿ ಹತ್ತಾರು ಅಣುಗಳು ಬೆರೆತಿರುತ್ತವೆ. ಅವುಗಳಲ್ಲಿ ಯಾವುದು ಎಷ್ಟಿದೆ ಎಂಬುದು ಬೆಳೆದ ಮಣ್ಣು, ಕೊಯ್ದ ಕಾಲ, ಒಣಗಿಸಿದ ರೀತಿಗೆ ತಕ್ಕಂತೆ ಬದಲಾಗುವುದರಿಂದ ಅವು ಈ ಮೂರೂ ವರ್ಗಗಳಿಗೆ ಸೇರುವುದಿಲ್ಲ.

ವೈದ್ಯರು ಮಾತಿನಲ್ಲಿ ಟಾರ್ಗೆಟೆಡ್ ಥೆರಪಿ ಎನ್ನುವುದನ್ನು ಇಲ್ಲಿ ಗುರಿನಿರ್ದೇಶಿತ ಚಿಕಿತ್ಸೆ ಎಂದಿದೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ: ನುಂಗುವ ಮಾತ್ರೆಗಳಾದ ಕೈನೇಸ್ ಪ್ರತಿಬಂಧಕಗಳು ಮತ್ತು ರಕ್ತನಾಳದ ಮೂಲಕ ಕೊಡುವ ಪ್ರತಿಕಾಯಗಳು. ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುವ ಇಮ್ಯುನೋಥೆರಪಿ ಬೇರೆಯೇ ವರ್ಗ.

ಹಿನ್ನೆಲೆ

2022ರ ಜಾಗತಿಕ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಸುಮಾರು 24.8 ಲಕ್ಷ ಜನರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಸುಮಾರು 18 ಲಕ್ಷ ಜನ ಅದರಿಂದ ಸತ್ತರು. ಇಷ್ಟು ಸಾವಿಗೆ ಕಾರಣವಾದ ಕ್ಯಾನ್ಸರ್ ಬೇರೊಂದಿಲ್ಲ. ಪ್ರಕರಣಗಳಲ್ಲಿ ಸುಮಾರು ಶೇ 85 ಸಣ್ಣವಲ್ಲದ ಜೀವಕೋಶದ ಬಗೆಯವು, ಉಳಿದವು ಸಣ್ಣ ಜೀವಕೋಶದವು. ಗುರಿನಿರ್ದೇಶಿತ ಔಷಧಗಳ ಚರಿತ್ರೆ ಬಹುತೇಕ ಮೊದಲ ಬಗೆಗೆ ಸೇರಿದ್ದು.

ಕ್ಯಾನ್ಸರ್ ಔಷಧವಾಗಿ ಸಸ್ಯಗಳ ಕಥೆ ಇದಕ್ಕಿಂತ ಹಳೆಯದು. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್, ನಮ್ಮ ಅಂಗಳಗಳಲ್ಲಿ ನಿತ್ಯಪುಷ್ಪ ಅಥವಾ ಕಾಶಿಕಣಗಿಲೆ ಎಂದು ಬೆಳೆಯುವ ಗಿಡದ ಎಲೆಗಳನ್ನು ಮಧುಮೇಹಕ್ಕೆ ಮದ್ದಾದೀತೇ ಎಂದು ಪರೀಕ್ಷಿಸುತ್ತಿದ್ದರು. ಸಾರ ಪಡೆದ ಇಲಿಗಳಲ್ಲಿ ಸಕ್ಕರೆಯ ಮಟ್ಟ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ಅಲ್ಲಿಂದ ವಿನ್‌ಬ್ಲಾಸ್ಟಿನ್ ಹುಟ್ಟಿತು. ಅದೇ ಕುಟುಂಬದ ಅರೆಸಂಶ್ಲೇಷಿತ ವಿನೋರೆಲ್ಬಿನ್ 1994ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಅನುಮತಿ ಪಡೆಯಿತು. 1962ರಲ್ಲಿ ಸಸ್ಯವಿಜ್ಞಾನಿ ಆರ್ಥರ್ ಬಾರ್ಕ್ಲೇ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಪೆಸಿಫಿಕ್ ಯೂ ಮರದ ತೊಗಟೆ ಸಂಗ್ರಹಿಸಿದರು. ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಅದರಿಂದ ಪ್ಯಾಕ್ಲಿಟ್ಯಾಕ್ಸೆಲ್ ಬೇರ್ಪಡಿಸಿ 1971ರಲ್ಲಿ ಅದರ ರಚನೆ ಪ್ರಕಟಿಸಿದರು. ಅದು ಜೀವಕೋಶದ ಸೂಕ್ಷ್ಮನಳಿಕೆಗಳನ್ನು ಬಿಗಿಯಾಗಿ ಹಿಡಿದು ವಿಭಜನೆ ಮುಗಿಯದಂತೆ ಮಾಡುತ್ತದೆ ಎಂದು 1979ರಲ್ಲಿ ತೋರಿಸಿದವರು ಸೂಸನ್ ಹಾರ್ವಿಟ್ಜ್. ಇದೇ ವಾಲ್ ಮತ್ತು ವಾನಿ ತಂಡ 1966ರಲ್ಲಿ ಚೀನಾ ಮೂಲದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಹೊರತೆಗೆದಿತ್ತು. ಸಣ್ಣ ಜೀವಕೋಶದ ಬಗೆಗೆ ಇಂದಿಗೂ ಬೆನ್ನೆಲುಬಾಗಿರುವ ಎಟೊಪೊಸೈಡ್ ಪೊಡೊಫಿಲಮ್ ಜಾತಿಯ ಗಿಡಗಳ ಬೇರುಕಾಂಡದ ಅಣುವಿನಿಂದ ಬಂದದ್ದು.

ಗುರಿನಿರ್ದೇಶಿತ ಚಿಕಿತ್ಸೆಯ ಬೇರಿನಲ್ಲೂ ಸಸ್ಯಗಳಿವೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಸೋಯಾದಲ್ಲಿರುವ ಜೆನಿಸ್ಟೀನ್ ಎಂಬ ಅಣು ಟೈರೊಸಿನ್ ಕೈನೇಸ್ ಕಿಣ್ವಗಳನ್ನು ತಡೆಯುತ್ತದೆ ಎಂದು ಜಪಾನಿನ ಸಂಶೋಧಕರು 1987ರಲ್ಲಿ ವರದಿ ಮಾಡಿದರು. ಅವುಗಳಲ್ಲಿ ಇಜಿಎಫ್‌ಆರ್ ಕೂಡ ಒಂದು. ಇಜಿಎಫ್‌ಆರ್ ಅನ್ನೇ ತಡೆಯುವ ಗೆಫಿಟಿನಿಬ್ ಎಂಬ ಔಷಧ ಮಾರುಕಟ್ಟೆಗೆ ಬರುವುದಕ್ಕೆ ಆಗ ಇನ್ನೂ 15 ವರ್ಷ ಇತ್ತು. ಭಾರತದ ಡಿಸಾಕ್ಸಿಲಮ್ ಮರದಲ್ಲಿ ಸಿಕ್ಕ ರೋಹಿಟುಕಿನ್ ಎಂಬ ಅಣುವನ್ನು ಮಾದರಿಯಾಗಿಸಿ ಮುಂಬೈಯ ಪ್ರಯೋಗಾಲಯದಲ್ಲಿ ತಯಾರಿಸಿದ ಫ್ಲಾವೊಪಿರಿಡಾಲ್, ಜೀವಕೋಶ ಚಕ್ರದ ಕೈನೇಸ್‌ಗಳನ್ನು ತಡೆಯುವ ಔಷಧಗಳ ಪೈಕಿ ಮನುಷ್ಯರಲ್ಲಿ ಪರೀಕ್ಷೆಗೊಳಗಾದ ಮೊದಲನೆಯದು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಅದು ನಿರೀಕ್ಷಿತ ಫಲ ಕೊಡಲಿಲ್ಲ.

ಗುರಿಗಳು ಮತ್ತು ಪ್ರತಿರೋಧ

ಗೆಫಿಟಿನಿಬ್‌ಗೆ ಜಪಾನ್ 2002ರಲ್ಲಿ, ಅಮೆರಿಕ 2003ರಲ್ಲಿ ಅನುಮತಿ ಕೊಟ್ಟವು. ಅದು ಕೆಲವೇ ರೋಗಿಗಳಿಗೆ ಅಚ್ಚರಿಯಷ್ಟು ಫಲ ಕೊಟ್ಟು ಉಳಿದವರಿಗೆ ಏನೂ ಮಾಡದಿದ್ದುದರ ಗುಟ್ಟು 2004ರಲ್ಲಿ ಒಡೆಯಿತು: ಫಲ ಕಂಡವರ ಗೆಡ್ಡೆಯಲ್ಲಿ ಇಜಿಎಫ್‌ಆರ್ ಜೀನಿನ ಉತ್ಪರಿವರ್ತನೆ ಇತ್ತು. ಎಕ್ಸಾನ್ 19ರ ಅಳಿಸುವಿಕೆ ಮತ್ತು ಎಕ್ಸಾನ್ 21ರ ಎಲ್858ಆರ್ ಎಂಬವು ಅವುಗಳಲ್ಲಿ ಸಾಮಾನ್ಯ. ಪಾಶ್ಚಾತ್ಯ ದೇಶಗಳಿಗಿಂತ ಏಷ್ಯಾದವರಲ್ಲಿ, ಅದರಲ್ಲೂ ಧೂಮಪಾನ ಮಾಡದ ಮಹಿಳೆಯರಲ್ಲಿ ಇವು ಹೆಚ್ಚು. 2007ರಲ್ಲಿ ಜಪಾನಿನ ಹಿರೊಯುಕಿ ಮಾನೊ ತಂಡ ಎಎಲ್‌ಕೆ ಜೀನಿನ ಬೆಸುಗೆಯನ್ನು ಗುರುತಿಸಿತು. ಅದಕ್ಕೆ ಕ್ರಿಜೊಟಿನಿಬ್ 2011ರಲ್ಲಿ ಬಂತು. ದಶಕಗಳ ಕಾಲ ಯಾವ ಔಷಧಕ್ಕೂ ಬಗ್ಗದಿದ್ದ ಕೆ-ರಾಸ್ ಪ್ರೋಟೀನಿನ ಒಂದು ರೂಪಕ್ಕೆ ಸೋಟೊರಾಸಿಬ್ 2021ರಲ್ಲಿ ದೊರೆಯಿತು.

ಈ ಔಷಧಗಳ ದೌರ್ಬಲ್ಯ ಒಂದೇ, ಪ್ರತಿರೋಧ. ಗೆಫಿಟಿನಿಬ್ ಅಥವಾ ಅದೇ ಬಗೆಯ ಎರ್ಲೋಟಿನಿಬ್ ಪಡೆದವರಲ್ಲಿ ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಗೆಡ್ಡೆ ಮತ್ತೆ ಬೆಳೆಯತೊಡಗುತ್ತದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಟಿ790ಎಂ ಎಂಬ ಎರಡನೆಯ ಉತ್ಪರಿವರ್ತನೆ ಕಾಣಿಸುತ್ತದೆ. ಅದನ್ನು ಮೀರಲು 2015ರಲ್ಲಿ ಬಂದ ಒಸಿಮರ್ಟಿನಿಬ್‌ಗೂ ಸಿ797ಎಸ್ ಉತ್ಪರಿವರ್ತನೆ ಮತ್ತು ಮೆಟ್ ಜೀನಿನ ಪ್ರತಿಗಳ ಹೆಚ್ಚಳದಿಂದ ಪ್ರತಿರೋಧ ಹುಟ್ಟುತ್ತದೆ. ಒಂದು ಬಾಗಿಲು ಮುಚ್ಚಿದರೆ ಜೀವಕೋಶ ಪಕ್ಕದ ಬಾಗಿಲು ತೆರೆಯುತ್ತದೆ. ಸಂಯೋಜಿತ ಚಿಕಿತ್ಸೆಯ ಹುಡುಕಾಟ ಶುರುವಾಗುವುದು ಇಲ್ಲಿಂದ.

ಸಂಯೋಜನೆಯ ತರ್ಕ

ಹೆಚ್ಚಿನ ಸಸ್ಯಜನ್ಯ ಅಣುಗಳು ಒಂದೇ ಗುರಿಯನ್ನು ಬಲವಾಗಿ ಹಿಡಿಯುವುದಿಲ್ಲ, ಹಲವನ್ನು ಸಡಿಲವಾಗಿ ಮುಟ್ಟುತ್ತವೆ. ಕೈನೇಸ್ ಪ್ರತಿಬಂಧಕ ಮುಖ್ಯ ದಾರಿಯನ್ನು ಮುಚ್ಚಿದಾಗ ಪಕ್ಕದ ದಾರಿಗಳನ್ನು ಇವು ತಡೆಯಬಹುದು, ಜೀವಕೋಶ ತಾನಾಗಿ ಸಾಯುವ ಪ್ರಕ್ರಿಯೆಯನ್ನು ಮರಳಿ ಚಾಲೂ ಮಾಡಬಹುದು, ಔಷಧವನ್ನು ಹೊರದೂಡುವ ಪಂಪುಗಳನ್ನು ನಿಲ್ಲಿಸಬಹುದು ಎಂಬುದು ಮೂಲ ಊಹೆ. ಉದಾಹರಣೆಗೆ, ಮರದರಿಶಿನ ಮೊದಲಾದ ಗಿಡಗಳಲ್ಲಿರುವ ಬರ್ಬೆರಿನ್, ಮೆಟ್ ಹೆಚ್ಚಳದಿಂದ ಒಸಿಮರ್ಟಿನಿಬ್‌ಗೆ ಪ್ರತಿರೋಧ ಬೆಳೆಸಿಕೊಂಡ ಜೀವಕೋಶಗಳಲ್ಲಿ ಮೆಟ್ ಪ್ರೋಟೀನನ್ನೇ ತಡೆದು ಒಸಿಮರ್ಟಿನಿಬ್‌ನ ಪರಿಣಾಮ ಮರಳಿಸುತ್ತದೆ ಎಂದು ಅಮೆರಿಕದ ಸಂಶೋಧಕರು 2022ರಲ್ಲಿ ವರದಿ ಮಾಡಿದರು.

ಎರಡು ಔಷಧ ಸೇರಿದಾಗ ಫಲ ಎಷ್ಟು ಎಂಬುದನ್ನು ಚೌ ಮತ್ತು ತಲಾಲೆ 1984ರಲ್ಲಿ ರೂಪಿಸಿದ ಸಂಯೋಜನಾ ಸೂಚ್ಯಂಕದಿಂದ ಅಳೆಯುವುದು ರೂಢಿ. ಸೂಚ್ಯಂಕ 1ಕ್ಕಿಂತ ಕಡಿಮೆಯಿದ್ದರೆ ಪರಸ್ಪರ ವರ್ಧನೆ, 1 ಇದ್ದರೆ ಬರಿಯ ಕೂಡಿಕೆ, 1ಕ್ಕಿಂತ ಹೆಚ್ಚಿದ್ದರೆ ಪರಸ್ಪರ ವಿರೋಧ. ಈ ಅಂಕಿ ಹೇಳುವುದು ಗಾಜಿನ ತಟ್ಟೆಯ ಜೀವಕೋಶಗಳ ಬಗ್ಗೆ ಮಾತ್ರ. ಔಷಧ ಕರುಳಿನಿಂದ ರಕ್ತಕ್ಕೆ ಸೇರೀತೇ, ಯಕೃತ್ತು ಅದನ್ನು ಉಳಿಸೀತೇ, ಶ್ವಾಸಕೋಶದ ಗೆಡ್ಡೆಯವರೆಗೆ ಮುಟ್ಟೀತೇ ಎಂಬುದು ಅದರಲ್ಲಿ ಇಲ್ಲ.

ಕೈನೇಸ್ ಪ್ರತಿಬಂಧಕ ಮತ್ತು ಟ್ಯಾಕ್ಸೇನ್

ಸಸ್ಯಮೂಲದ ಔಷಧ ಮತ್ತು ಕೈನೇಸ್ ಪ್ರತಿಬಂಧಕಗಳ ಮೊದಲ ದೊಡ್ಡ ಪರೀಕ್ಷೆಗಳು ವಿಫಲವಾದವು. ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಕಾರ್ಬೋಪ್ಲಾಟಿನ್‌ಗೆ ಗೆಫಿಟಿನಿಬ್ ಸೇರಿಸಿದ ಇಂಟ್ಯಾಕ್ಟ್-2 ಪರೀಕ್ಷೆಯಲ್ಲಿ 1037 ರೋಗಿಗಳಿದ್ದರು. 2004ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಬದುಕಿನ ಅವಧಿ ಹೆಚ್ಚಲಿಲ್ಲ. ಎರ್ಲೋಟಿನಿಬ್ ಸೇರಿಸಿದ ಟ್ರಿಬ್ಯೂಟ್ ಪರೀಕ್ಷೆಯದೂ ಅದೇ ಗತಿ. ಆದರೆ ಟ್ರಿಬ್ಯೂಟ್‌ನಲ್ಲಿ ಎಂದೂ ಧೂಮಪಾನ ಮಾಡದವರನ್ನು ಬೇರೆಯಾಗಿ ನೋಡಿದಾಗ ಎರ್ಲೋಟಿನಿಬ್ ಗುಂಪಿನ ಮಧ್ಯಕ ಬದುಕಿನ ಅವಧಿ 22.5 ತಿಂಗಳು, ಇನ್ನೊಂದು ಗುಂಪಿನದು 10.1 ತಿಂಗಳು ಇತ್ತು. ಉತ್ಪರಿವರ್ತನೆ ಪರೀಕ್ಷಿಸದೆ ಎಲ್ಲರಿಗೂ ಒಂದೇ ಔಷಧ ಕೊಟ್ಟದ್ದು ಸೋಲಿನ ಒಂದು ಕಾರಣ.

ಇನ್ನೊಂದು ಕಾರಣವೆಂದು ಸಂಶೋಧಕರು ಮುಂದಿಡುವುದು ಜೀವಕೋಶದ ಚಕ್ರಕ್ಕೆ ಸಂಬಂಧಿಸಿದ್ದು. ಪ್ಯಾಕ್ಲಿಟ್ಯಾಕ್ಸೆಲ್ ಕೊಲ್ಲುವುದು ವಿಭಜನೆಯ ಹಂತಕ್ಕೆ ಬಂದ ಜೀವಕೋಶವನ್ನು. ಕೈನೇಸ್ ಪ್ರತಿಬಂಧಕ ಜೀವಕೋಶವನ್ನು ಅದಕ್ಕೆ ಎಷ್ಟೋ ಮೊದಲೇ, ಜಿ1 ಹಂತದಲ್ಲಿ ನಿಲ್ಲಿಸಿಬಿಡುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಒಂದು ಔಷಧ ಇನ್ನೊಂದರ ಬೇಟೆಯನ್ನು ಬಚ್ಚಿಟ್ಟಂತೆ. ಯಾವುದನ್ನು ಮೊದಲು ಕೊಡಬೇಕು, ನಡುವೆ ಎಷ್ಟು ದಿನ ಬಿಡಬೇಕು ಎಂಬ ಅಧ್ಯಯನಗಳು ಹುಟ್ಟಿದ್ದು ಇದರಿಂದಲೇ.

ಮುಂದೆ ಇಜಿಎಫ್‌ಆರ್ ಉತ್ಪರಿವರ್ತನೆ ಇರುವವರನ್ನೇ ಆಯ್ದು ನಡೆಸಿದ ಪರೀಕ್ಷೆಗಳು ಯಶಸ್ವಿಯಾದವು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ 350 ರೋಗಿಗಳ ಪರೀಕ್ಷೆ 2020ರಲ್ಲಿ ಪ್ರಕಟವಾಯಿತು. ಗೆಫಿಟಿನಿಬ್ ಒಂದನ್ನೇ ಪಡೆದವರಲ್ಲಿ ರೋಗ ಉಲ್ಬಣಿಸದೆ ಉಳಿದ ಮಧ್ಯಕ ಅವಧಿ 8 ತಿಂಗಳಿದ್ದರೆ, ಕಿಮೋಥೆರಪಿಯನ್ನೂ ಸೇರಿಸಿ ಪಡೆದವರಲ್ಲಿ 16 ತಿಂಗಳಿತ್ತು. ಆದರೆ ಅಲ್ಲಿ ಬಳಸಿದ ಪೆಮೆಟ್ರೆಕ್ಸೆಡ್ ಪೂರ್ತಿ ಸಂಶ್ಲೇಷಿತ ಔಷಧ. ಇದನ್ನು ಸಸ್ಯಜನ್ಯ ಸಂಯೋಜನೆಯ ಗೆಲುವೆಂದು ಎಣಿಸುವುದು ತಪ್ಪು.

ಪ್ರತಿಕಾಯ ಮತ್ತು ಟ್ಯಾಕ್ಸೇನ್

ಪ್ರತಿಕಾಯಗಳೊಂದಿಗೆ ಟ್ಯಾಕ್ಸೇನ್‌ಗಳು ಚೆನ್ನಾಗಿ ಹೊಂದಿಕೊಂಡವು. ಗೆಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಜುಮಾಬ್ ಅನ್ನು ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಕಾರ್ಬೋಪ್ಲಾಟಿನ್‌ಗೆ ಸೇರಿಸಿದಾಗ ಮಧ್ಯಕ ಬದುಕಿನ ಅವಧಿ 10.3ರಿಂದ 12.3 ತಿಂಗಳಿಗೆ ಏರಿತು. 878 ರೋಗಿಗಳ ಈ ಅಧ್ಯಯನ ಪ್ರಕಟವಾದ 2006ರಲ್ಲೇ ಅಮೆರಿಕದ ಅನುಮತಿ ಸಿಕ್ಕಿತು. ಅದೇ ರಕ್ತನಾಳದ ದಾರಿಯನ್ನು ತಡೆಯುವ ರಾಮುಸಿರುಮಾಬ್ ಅನ್ನು ಡೋಸಿಟ್ಯಾಕ್ಸೆಲ್ ಜೊತೆ 1253 ರೋಗಿಗಳಲ್ಲಿ ಪರೀಕ್ಷಿಸಿದಾಗ ಅವಧಿ 9.1ರಿಂದ 10.5 ತಿಂಗಳಾಯಿತು. ನಿಂಟೆಡನಿಬ್ ಎಂಬ ಮಾತ್ರೆ ಮತ್ತು ಡೋಸಿಟ್ಯಾಕ್ಸೆಲ್ ಜೋಡಿಗೆ ಯುರೋಪ್ 2014ರಲ್ಲಿ ಒಪ್ಪಿಗೆ ಕೊಟ್ಟಿತು. ಗಳಿಕೆ ತಿಂಗಳುಗಳ ಲೆಕ್ಕದ್ದೇ ಆದರೂ, ಸಸ್ಯಮೂಲದ ಔಷಧ ಮತ್ತು ಗುರಿನಿರ್ದೇಶಿತ ಔಷಧ ಎರಡು ಬೇರೆ ಔಷಧಗಳಾಗಿ ಜೊತೆಗೂಡುವ ಬಗೆಗೆ ಇರುವ ಅತಿ ಗಟ್ಟಿ ಪುರಾವೆ ಇವೇ.

ಒಂದೇ ಅಣುವಿನಲ್ಲಿ ಎರಡೂ: ಪ್ರತಿಕಾಯ–ಔಷಧ ಬಂಧಗಳು

ಇತ್ತೀಚಿನ ಮುಖ್ಯ ಬೆಳವಣಿಗೆಯಲ್ಲಿ ಎರಡು ಔಷಧಗಳನ್ನು ಪಕ್ಕಪಕ್ಕದಲ್ಲಿ ಕೊಡುವ ಬದಲು ಒಂದಕ್ಕೊಂದು ಕಟ್ಟಿಬಿಡುತ್ತಾರೆ. ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್‌ನಲ್ಲಿ ಹರ್-2 ಪ್ರೋಟೀನನ್ನು ಗುರುತಿಸುವ ಒಂದೊಂದು ಪ್ರತಿಕಾಯಕ್ಕೂ ಸುಮಾರು 8 ಔಷಧ ಕಣಗಳನ್ನು ಪೋಣಿಸಿರುತ್ತಾರೆ. ಆ ಕಣದ ಚೌಕಟ್ಟು ಕ್ಯಾಂಪ್ಟೊಥೆಸಿನ್‌ನದು. ತಯಾರಿಕೆಯಲ್ಲಿ ಮರದ ಪಾತ್ರವಿಲ್ಲವಾದ್ದರಿಂದ ಇದು ಸಸ್ಯಮೂಲ ರಚನೆಯ ಔಷಧ. ಪ್ರತಿಕಾಯ ಗೆಡ್ಡೆಯ ಜೀವಕೋಶಕ್ಕೆ ಅಂಟಿ ಒಳಸೇರಿದ ಮೇಲೆ ಕೊಂಡಿ ಕಡಿದು, ಔಷಧ ಬಿಡುಗಡೆಯಾಗಿ, ಡಿಎನ್‌ಎಯ ಸುರುಳಿ ಬಿಡಿಸುವ ಟೊಪೊಐಸೊಮರೇಸ್-1 ಕಿಣ್ವವನ್ನು ತಡೆಯುತ್ತದೆ. ಹರ್-2 ಉತ್ಪರಿವರ್ತನೆ ಇದ್ದ 91 ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ಅಧ್ಯಯನವೊಂದರಲ್ಲಿ ಶೇ 55 ಮಂದಿಯ ಗೆಡ್ಡೆ ಗಣನೀಯವಾಗಿ ಕುಗ್ಗಿತು. ಅದೇ ಅಧ್ಯಯನದಲ್ಲಿ ಶೇ 26 ಮಂದಿಗೆ ಔಷಧದಿಂದ ಶ್ವಾಸಕೋಶದ ಅಂಗಾಂಶ ಉರಿಯೂತವಾಯಿತು, ಇಬ್ಬರು ಅದರಿಂದ ತೀರಿಕೊಂಡರು. 2022ರ ಆಗಸ್ಟಿನಲ್ಲಿ ಅಮೆರಿಕ ಈ ಬಳಕೆಗೆ ತ್ವರಿತ ಅನುಮತಿ ನೀಡಿತು. ಟ್ರೋಪ್-2 ಪ್ರೋಟೀನನ್ನು ಗುರಿಯಾಗಿಸಿ ಅದೇ ಔಷಧ ಕಣವನ್ನು ಹೊತ್ತೊಯ್ಯುವ ಡಾಟೊಪೊಟಮಾಬ್ ಡೆರುಕ್ಸ್‌ಟೆಕಾನ್‌ಗೆ 2025ರ ಜೂನಿನಲ್ಲಿ ಅನುಮತಿ ಸಿಕ್ಕಿತು. ಅದು ಇಜಿಎಫ್‌ಆರ್ ಉತ್ಪರಿವರ್ತನೆಯಿದ್ದು ಹಿಂದಿನ ಗುರಿನಿರ್ದೇಶಿತ ಔಷಧ ಮತ್ತು ಕಿಮೋಥೆರಪಿ ಎರಡೂ ಪಡೆದು ಮುಗಿಸಿದವರಿಗೆ.

ಆಹಾರದ ಅಣುಗಳು: ಕರ್ಕ್ಯುಮಿನ್

ಅಡುಗೆಮನೆಯ ಸಸ್ಯಗಳ ಪೈಕಿ ಅತಿ ಹೆಚ್ಚು ಅಧ್ಯಯನವಾಗಿರುವುದು ಅರಿಸಿನದ ಕರ್ಕ್ಯುಮಿನ್. ಅದು ಇಜಿಎಫ್‌ಆರ್ ಪ್ರೋಟೀನನ್ನು ಕರಗಿಸಿ ಗೆಫಿಟಿನಿಬ್‌ನ ಬಲ ಹೆಚ್ಚಿಸುತ್ತದೆ, ಇಲಿಗಳಲ್ಲಿ ಗೆಫಿಟಿನಿಬ್‌ನಿಂದಾಗುವ ಕರುಳಿನ ತೊಂದರೆಯನ್ನೂ ತಗ್ಗಿಸುತ್ತದೆ ಎಂದು ತೈವಾನಿನ ಅಧ್ಯಯನವೊಂದು 2011ರಲ್ಲಿ ವರದಿ ಮಾಡಿತು. ಎರ್ಲೋಟಿನಿಬ್ ಜೊತೆಗೂ ಇಂಥ ಫಲಿತಾಂಶಗಳಿವೆ. ಕೆನಡಾದಲ್ಲಿ ಕೈನೇಸ್ ಪ್ರತಿಬಂಧಕ ಪಡೆಯುತ್ತಿದ್ದವರಿಗೆ ಕರ್ಕ್ಯುಮಿನ್ ಕೊಟ್ಟು ಸುರಕ್ಷತೆ ನೋಡಿದ ಚಿಕ್ಕ ಪ್ರಥಮ ಹಂತದ ಪರೀಕ್ಷೆಯೂ ನಡೆದಿದೆ. ಬದುಕಿನ ಅವಧಿ ಹೆಚ್ಚುತ್ತದೆಯೇ ಎಂಬುದಕ್ಕೆ ಅಷ್ಟು ಚಿಕ್ಕ ಪರೀಕ್ಷೆ ಉತ್ತರ ಕೊಡಲಾರದು.

ಅಡಚಣೆ ಇರುವುದು ಪ್ರಮಾಣದಲ್ಲಿ. ಅರಿಸಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ 3. ಒಂದು ಚಮಚ, ಅಂದರೆ 3 ಗ್ರಾಂನಷ್ಟು ಪುಡಿಯಲ್ಲಿ ಸಿಗುವುದು 90 ಮಿಲಿಗ್ರಾಂ. ತೈವಾನಿನಲ್ಲೇ 2001ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ರೋಗಿಗಳು ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ನುಂಗಿದರು. ಅಷ್ಟನ್ನು ಪುಡಿಯಿಂದಲೇ ಪಡೆಯಬೇಕಾದರೆ ದಿನಕ್ಕೆ ಕಾಲು ಕಿಲೋಗಿಂತ ಹೆಚ್ಚು ಅರಿಸಿನ ತಿನ್ನಬೇಕು. ಆಗಲೂ ರಕ್ತದಲ್ಲಿ ಅದರ ಸರಾಸರಿ ಗರಿಷ್ಠ ಮಟ್ಟ 2 ಮೈಕ್ರೊಮೋಲಾರ್ ಮುಟ್ಟಲಿಲ್ಲ. ಗಾಜಿನ ತಟ್ಟೆಯ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವುದು ಇದರ ಹಲವು ಪಟ್ಟು. ಅಲ್ಲದೆ ಕರ್ಕ್ಯುಮಿನ್ ಅಸ್ಥಿರ ಅಣು. ಅದು ಪ್ರಯೋಗದ ಅಳತೆಗಳನ್ನೇ ಹಾದಿ ತಪ್ಪಿಸಿ, ಇಲ್ಲದ ಪರಿಣಾಮವನ್ನು ಇದೆಯೆಂದು ತೋರಿಸಬಲ್ಲದು ಎಂದು ಕ್ಯಾಥರಿನ್ ನೆಲ್ಸನ್ ಮತ್ತು ಸಹೋದ್ಯೋಗಿಗಳು 2017ರ ವಿಮರ್ಶೆಯಲ್ಲಿ ವಿವರವಾಗಿ ತೋರಿಸಿದರು.

ಈ ಅಡಚಣೆ ದಾಟುವ ಹೆಸರಾಂತ ಪ್ರಯತ್ನ ನಡೆದದ್ದು ಬೆಂಗಳೂರಿನಲ್ಲಿ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ಅವರ ರಕ್ತದಲ್ಲಿ ಅದು ಪತ್ತೆಯೇ ಆಗಲಿಲ್ಲ ಅಥವಾ ತೀರ ಕಡಿಮೆ ಸಿಕ್ಕಿತು. ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ಕರ್ಕ್ಯುಮಿನ್‌ನ ಜೈವಿಕ ಲಭ್ಯತೆ ಶೇ 2000ದಷ್ಟು ಹೆಚ್ಚಿತು. ಅಷ್ಟು ಪೈಪರಿನ್ ಏಳೆಂಟು ಮೆಣಸುಕಾಳುಗಳಲ್ಲಿ ಇರುತ್ತದೆ. 1998ರಲ್ಲಿ ಪ್ರಕಟವಾದ ಈ ಅಧ್ಯಯನದ ಅಂಕಿಯನ್ನು ಇಂದಿಗೂ ಅರಿಸಿನದ ಮಾತ್ರೆಗಳ ಮಾರಾಟದಲ್ಲಿ ಬಳಸುತ್ತಾರೆ. ಹೆಚ್ಚಳದ ಬುಡ ತೀರ ಚಿಕ್ಕದು ಎಂಬುದನ್ನು ಮಾತ್ರ ಜೊತೆಗೆ ಹೇಳುವುದಿಲ್ಲ.

ಔಷಧಗಳ ಘರ್ಷಣೆ

ಪೈಪರಿನ್ ಅದೇ ಗುಣದಿಂದ ಅಪಾಯವನ್ನೂ ತರುತ್ತದೆ. ಅದು ಕರುಳು ಮತ್ತು ಯಕೃತ್ತಿನ ಸಿವೈಪಿ3ಎ4 ಕಿಣ್ವವನ್ನು, ಔಷಧ ಹೊರದೂಡುವ ಪಿ-ಗ್ಲೈಕೊಪ್ರೋಟೀನ್ ಪಂಪನ್ನು ತಡೆಯುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಗೆಫಿಟಿನಿಬ್, ಎರ್ಲೋಟಿನಿಬ್, ಕ್ರಿಜೊಟಿನಿಬ್‌ಗಳನ್ನು ದೇಹ ವಿಲೇವಾರಿ ಮಾಡುವುದು ಮುಖ್ಯವಾಗಿ ಇದೇ ಕಿಣ್ವದಿಂದ. ಈ ಕಿಣ್ವ ಎಷ್ಟು ನಿರ್ಣಾಯಕ ಎಂಬುದಕ್ಕೆ ಗೆಫಿಟಿನಿಬ್‌ನ ಅಂಕಿಗಳೇ ಸಾಕು: ಕಿಣ್ವವನ್ನು ತಡೆಯುವ ಇಟ್ರಾಕೊನಜೋಲ್ ಜೊತೆ ಕೊಟ್ಟಾಗ ರಕ್ತದಲ್ಲಿ ಗೆಫಿಟಿನಿಬ್ ಶೇ 80ರಷ್ಟು ಏರಿತು, ಕಿಣ್ವವನ್ನು ಕೆರಳಿಸುವ ಕ್ಷಯದ ಔಷಧ ರಿಫಾಂಪಿಸಿನ್ ಜೊತೆ ಶೇ 83ರಷ್ಟು ಇಳಿಯಿತು. ಏರಿದರೆ ಭೇದಿ, ಚರ್ಮದ ಗುಳ್ಳೆ, ಯಕೃತ್ತಿನ ಹಾನಿ ಹೆಚ್ಚಬಹುದು. ಇಳಿದರೆ ಹೊರಗೆ ಯಾವ ಲಕ್ಷಣವೂ ಕಾಣದೆ ಕ್ಯಾನ್ಸರ್ ಬೆಳೆಯುತ್ತದೆ.

ಯುರೋಪಿನ ಸೇಂಟ್ ಜಾನ್ಸ್ ವರ್ಟ್ ಗಿಡ ಈ ಎರಡನೆಯ ಬಗೆಗೆ ಪ್ರಸಿದ್ಧ ಉದಾಹರಣೆ. ಖಿನ್ನತೆಗೆಂದು ಸೇವಿಸುವ ಅದರ ಸಾರ, ಕ್ಯಾಂಪ್ಟೊಥೆಸಿನ್ ವರ್ಗದ ಇರಿನೊಟೆಕಾನ್ ಪಡೆಯುತ್ತಿದ್ದವರ ರಕ್ತದಲ್ಲಿ ಆ ಔಷಧದ ಸಕ್ರಿಯ ರೂಪವನ್ನು ಶೇ 42ರಷ್ಟು ತಗ್ಗಿಸಿತು. ದ್ರಾಕ್ಷಿಹಣ್ಣು ಎಂಬ ಹೆಸರಿಟ್ಟುಕೊಂಡ, ಆದರೆ ಚಕ್ಕೋತದ ಕುಲದ್ದಾದ ಗ್ರೇಪ್‌ಫ್ರೂಟ್ ಇದಕ್ಕೆ ವಿರುದ್ಧವಾಗಿ ಕಿಣ್ವವನ್ನು ತಡೆಯುತ್ತದೆ. ಹಸಿರು ಚಹಾದ ಇಜಿಸಿಜಿ ಅಣು ಮೈಯೆಲೋಮಾದ ಔಷಧ ಬಾರ್ಟೆಜೊಮಿಬ್‌ಗೆ ನೇರವಾಗಿ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ ಎಂದು 2009ರಲ್ಲಿ ಪ್ರಯೋಗಾಲಯದ ಅಧ್ಯಯನ ತೋರಿಸಿತು. ಯಕೃತ್ತಿಗೂ ಹೊರೆಯುಂಟು. ಗೆಫಿಟಿನಿಬ್ ತಾನೇ ಯಕೃತ್ತಿನ ಕಿಣ್ವಗಳನ್ನು ಏರಿಸಬಲ್ಲದು. ಅರಿಸಿನದ ಸಾರ, ಅಶ್ವಗಂಧ, ಹಸಿರು ಚಹಾ ಸಾರ, ಅಮೃತಬಳ್ಳಿಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಎರಡೂ ಜೊತೆಯಾದಾಗ ಹಾನಿ ಯಾವುದರಿಂದ ಎಂದು ಪತ್ತೆಹಚ್ಚುವುದು ಕಷ್ಟ. ಹಾಗಾಗಿ ಕೆಲಸ ಮಾಡುತ್ತಿದ್ದ ಕ್ಯಾನ್ಸರ್ ಔಷಧವನ್ನೇ ನಿಲ್ಲಿಸಬೇಕಾಗಿ ಬರಬಹುದು. ರೋಗಿ ಸೇವಿಸುತ್ತಿರುವ ಕಷಾಯ, ಚೂರ್ಣಗಳ ವಿವರ ವೈದ್ಯರಿಗೆ ತಿಳಿದಿರಬೇಕಾದದ್ದು ಈ ಕಾರಣದಿಂದ.

ಸಸ್ಯದ್ದು ಎಂದ ಮಾತ್ರಕ್ಕೆ ನಿರಪಾಯವಲ್ಲ ಎಂಬುದನ್ನು ಶ್ವಾಸಕೋಶದ ಕ್ಯಾನ್ಸರಿನಲ್ಲಿ ಅತಿ ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು ಬೀಟಾ ಕೆರೋಟಿನ್. ಫಿನ್ಲೆಂಡಿನ 29,133 ಪುರುಷ ಧೂಮಪಾನಿಗಳ ಪರೀಕ್ಷೆಯ ಫಲಿತಾಂಶ 1994ರಲ್ಲಿ ಪ್ರಕಟವಾದಾಗ, ರೋಗ ತಡೆಯಲೆಂದು ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು ಕಂಡುಬಂತು. ಅಮೆರಿಕದ ಇಂಥದ್ದೇ ಪರೀಕ್ಷೆಯಲ್ಲಿ ಹೆಚ್ಚಳ ಶೇ 28 ಇದ್ದುದರಿಂದ 1996ರಲ್ಲಿ ಅದನ್ನು ನಡುವೆಯೇ ನಿಲ್ಲಿಸಲಾಯಿತು.

ಸದ್ಯದ ಸ್ಥಿತಿ

ಬೆವಾಸಿಜುಮಾಬ್ ಅಥವಾ ರಾಮುಸಿರುಮಾಬ್ ಜೊತೆಗಿನ ಟ್ಯಾಕ್ಸೇನ್ ಜೋಡಿಗಳು ಬಳಕೆಯಲ್ಲಿವೆ, ಇಮ್ಯುನೋಥೆರಪಿ ಬಂದ ಮೇಲೆ ಅವುಗಳ ಸ್ಥಾನ ಕುಗ್ಗಿದೆ. ಕ್ಯಾಂಪ್ಟೊಥೆಸಿನ್ ಚೌಕಟ್ಟನ್ನು ಹೊತ್ತ ಪ್ರತಿಕಾಯ–ಔಷಧ ಬಂಧಗಳ ಬಳಕೆ ಹಿಗ್ಗುತ್ತಿದೆ. ಚೀನಾದಲ್ಲಿ ಗಿಡಮೂಲಿಕೆಗಳ ಮಿಶ್ರಣವನ್ನು ಕೈನೇಸ್ ಪ್ರತಿಬಂಧಕಗಳ ಜೊತೆ ಯಾದೃಚ್ಛಿಕ ಪರೀಕ್ಷೆಗಳಿಗೂ ಒಳಪಡಿಸಿದ್ದಾರೆ. ಕರ್ಕ್ಯುಮಿನ್, ಬರ್ಬೆರಿನ್, ಜೆನಿಸ್ಟೀನ್, ಅಶ್ವಗಂಧದ ವಿಥಫೆರಿನ್ ಮೊದಲಾದವುಗಳಲ್ಲಿ ಯಾವುದನ್ನೂ ಗುರಿನಿರ್ದೇಶಿತ ಔಷಧದ ಜೊತೆ ಶ್ವಾಸಕೋಶದ ಕ್ಯಾನ್ಸರಿಗೆ ಕೊಡಲು ಅಮೆರಿಕದ ಔಷಧ ನಿಯಂತ್ರಕರು ಅನುಮತಿಸಿಲ್ಲ. ಲೈಪೊಸೋಮ್, ನ್ಯಾನೊಕಣಗಳಲ್ಲಿ ತುಂಬಿ ಇವುಗಳ ಲಭ್ಯತೆ ಹೆಚ್ಚಿಸುವ ಕೆಲಸ ಸಾಗಿದೆ. ಸಸ್ಯಮೂಲದ ಔಷಧಗಳಲ್ಲಿ ಈ ದಾರಿ ಫಲಿಸಿದ್ದಕ್ಕೆ ಪ್ಯಾಕ್ಲಿಟ್ಯಾಕ್ಸೆಲ್ ಒಂದು ಉದಾಹರಣೆ. ಅಲ್ಬುಮಿನ್ ಪ್ರೋಟೀನಿಗೆ ಕಟ್ಟಿದ ಅದರ ರೂಪ 2012ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಅನುಮತಿ ಪಡೆಯಿತು.

ಕಚ್ಚಾವಸ್ತು ಮತ್ತು ಪಶ್ಚಿಮ ಘಟ್ಟ

ಪ್ಯಾಕ್ಲಿಟ್ಯಾಕ್ಸೆಲ್‌ಗೆ ಮೊದಲು ಮರದ ತೊಗಟೆಯನ್ನೇ ಸುಲಿಯಬೇಕಿತ್ತು, ಸುಲಿದರೆ ಮರ ಸಾಯುತ್ತಿತ್ತು. ಯುರೋಪಿನ ಯೂ ಮರದ ಸೂಜಿ ಎಲೆಗಳಲ್ಲಿ ಸಿಗುವ ಅಣುವಿನಿಂದ ಅದನ್ನು ಅರೆಸಂಶ್ಲೇಷಿಸುವ ವಿಧಾನ ಬಂದ ಮೇಲೆ ಆ ಒತ್ತಡ ತಗ್ಗಿತು.

ಕ್ಯಾಂಪ್ಟೊಥೆಸಿನ್‌ಗೆ ಸಂಬಂಧಿಸಿ ಈ ಪ್ರಶ್ನೆ ಕರ್ನಾಟಕದ ಕಾಡುಗಳಿಗೆ ಸೇರಿದ್ದು. ಪಶ್ಚಿಮ ಘಟ್ಟದಲ್ಲಿ ಬೆಳೆಯುವ, ಹೂವಿನ ನಾತದಿಂದಾಗಿ ದುರ್ವಾಸನೆ ಮರ ಎಂದು ಕರೆಯುವ ನೊಥಪೊಡೈಟಿಸ್ ನಿಮ್ಮೊನಿಯಾನ ಈ ಅಣುವಿನ ಸಮೃದ್ಧ ಮೂಲಗಳಲ್ಲೊಂದು. ಅದರಲ್ಲಿ ಕ್ಯಾಂಪ್ಟೊಥೆಸಿನ್ ಇರುವುದನ್ನು ಮೊದಲು ವರದಿ ಮಾಡಿದವರು ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್, 1972ರಲ್ಲಿ. ಕಾಂಡ, ಬೇರುಗಳಿಗಾಗಿ ಕಡಿದದ್ದರಿಂದ ಮರ ಹಲವೆಡೆ ವಿರಳವಾಯಿತು. ಮರ ಕಡಿಯದೆ ಅಣುವನ್ನು ಪಡೆಯುವ ದಾರಿಯನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಆರ್. ಉಮಾಶಂಕರ್ ಅವರ ತಂಡ ಹುಡುಕಿತು. ಮರದ ಅಂಗಾಂಶದೊಳಗೆ ವಾಸಿಸುವ ಶಿಲೀಂಧ್ರಗಳನ್ನು ಬೇರ್ಪಡಿಸಿ ಸಾಕಿದಾಗ ಅವೂ ಕ್ಯಾಂಪ್ಟೊಥೆಸಿನ್ ತಯಾರಿಸುವುದು ಕಂಡಿತು. ಒಂದು ತಟ್ಟೆಯಿಂದ ಇನ್ನೊಂದಕ್ಕೆ ದಾಟಿಸುತ್ತ ಹೋದಂತೆ, ಮರದಿಂದ ದೂರವಾದ ಆ ಶಿಲೀಂಧ್ರಗಳಲ್ಲಿ ಅಣುವಿನ ಉತ್ಪಾದನೆ ತಲೆಮಾರಿನಿಂದ ತಲೆಮಾರಿಗೆ ಕುಗ್ಗಿತು.